ಹೊರೆಗಲ್ಲು ಮುಟ್ಟದವನು

"ನೋವು ಹೋದ ಮೇಲೆ ವೈದ್ಯನ ಕೆಲಸ ಮುಗಿದಂತಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಳಮನೆಯಲ್ಲಿ ಕೂತು ಬೇರು ಅರೆಯುತ್ತಿದ್ದರು. ಶಿಷ್ಯ ಅವರ ಬಳಿ ವೈದ್ಯವಿದ್ಯೆ ಕಲಿಯುತ್ತಿದ್ದ. ಅವನ ಪ್ರಶ್ನೆಗೆ ಕಾರಣವಿತ್ತು. ಒಬ್ಬ ನೇಕಾರ ಸೊಂಟನೋವಿಗೆ ಬಹಳ ದಿನದಿಂದ ಅವನ ಹತ್ತಿರ ಬರುತ್ತಿದ್ದ. ನೋವು ಸೊಂಟದಿಂದ ಕಾಲಿಗೂ ಇಳಿದಿತ್ತು. ಈಗಷ್ಟೇ ಅವನು ನಗುತ್ತಾ ಬಂದಿದ್ದ. ಬೆಳಗ್ಗೆ ಎದ್ದಾಗ ನೋವು ಇರಲಿಲ್ಲ ಎಂದು ಹೇಳಿ ಶಿಷ್ಯನ ಕಾಲಿಗೆ ಬೀಳಲು ಹೋಗಿದ್ದ. ಶಿಷ್ಯ ಅವನ ಭುಜ ಹಿಡಿದೆತ್ತಿ, ಇನ್ನು ಬರುವುದು ಬೇಡ, ಹೋಗಿ ಮಗ್ಗಕ್ಕೆ ಕೂರು ಎಂದು ಕಳಿಸಿದ್ದ.

"ಯಾವ ಮದ್ದಿನಿಂದ ಹೋಯಿತು?" ಎಂದು ಗುರುಗಳು ಕೇಳಿದರು.

"ಅದು ತಿಳಿಯಲಿಲ್ಲ. ಹೊಸದೇನನ್ನೂ ಕೊಟ್ಟಿರಲಿಲ್ಲ."

"ನಡೆಸಿ ನೋಡಿದೆಯಾ?"

"ನಡೆಸುವುದೇನು ಬಂತು. ಓಡುವಷ್ಟು ಸಂತೋಷದಲ್ಲಿದ್ದ."

ಗುರುಗಳು ಅರೆಯುವುದನ್ನು ನಿಲ್ಲಿಸಲಿಲ್ಲ. ಅರೆಯುತ್ತಲೇ ಈ ಕತೆ ಹೇಳಿದರು.

ಒಂದು ಘಟ್ಟದ ದಾರಿ. ಕೆಳಗೆ ಕಡಲು, ಮೇಲೆ ಬಯಲುಸೀಮೆ. ಕೆಳಗಿನ ಉಪ್ಪು ಮೇಲಕ್ಕೆ ಹೋಗಬೇಕು. ಎತ್ತುಗಳು ಹತ್ತಲಾಗದ ಕಡಿದಾದ ದಾರಿ ಅದು. ಮನುಷ್ಯರೇ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು, ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಹತ್ತುತ್ತಿದ್ದರು.

ಆ ದಾರಿಯಲ್ಲಿ ಅಲ್ಲಲ್ಲಿ ಹೊರೆಗಲ್ಲುಗಳಿದ್ದವು. ಎರಡು ಕಲ್ಲುಕಂಬ, ಅವುಗಳ ಮೇಲೆ ಬೆನ್ನೆತ್ತರಕ್ಕೆ ಒಂದು ಅಡ್ಡ ಚಪ್ಪಡಿ. ಹೊತ್ತವನು ಅದಕ್ಕೆ ಬೆನ್ನು ಮಾಡಿ ನಿಂತರೆ ಸಾಕು, ಮೂಟೆ ಚಪ್ಪಡಿಯ ಮೇಲೆ ಕೂರುತ್ತದೆ. ಬಗ್ಗಬೇಕಿಲ್ಲ, ಇನ್ನೊಬ್ಬರನ್ನು ಕರೆಯಬೇಕಿಲ್ಲ. ಉಸಿರು ತಿರುಗಿದ ಮೇಲೆ ಹಾಗೆಯೇ ಬೆನ್ನು ಕೊಟ್ಟು ಮತ್ತೆ ಹೊತ್ತುಕೊಳ್ಳಬಹುದು. ಹೆರದೆ ಸತ್ತ ಬಸುರಿಯ ಹೆಸರಿನಲ್ಲಿ ಅವಳ ಮನೆಯವರು ಇಂಥ ಕಲ್ಲು ನಿಲ್ಲಿಸುವುದು ಆ ಕಡೆಯ ರೂಢಿ. ಅವಳು ತನ್ನ ಹೊರೆ ಇಳಿಸದೆ ಹೋದಳು, ದಾರಿಯಲ್ಲಿ ಹೋಗುವವರಾದರೂ ಇಳಿಸಲಿ ಎಂದು.

ಆ ದಾರಿಯಲ್ಲಿ ಒಬ್ಬ ಹೊರೆಯಾಳು ಇದ್ದ. ಮೊದಲ ಏರಿನ ಬುಡದಲ್ಲಿ, ಅವನ ಊರಿಗೆ ಹತ್ತಿರದಲ್ಲೇ, ಅವನ ಅಕ್ಕನ ಹೆಸರಿನ ಕಲ್ಲಿತ್ತು. ಕಂಬ ನೆಟ್ಟವನು ಅವನ ಅಪ್ಪ. ಚಪ್ಪಡಿಗೆ ಭುಜ ಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ಆ ಕಲ್ಲಿನ ಮೇಲೆ ಅವನು ಒಮ್ಮೆಯೂ ಹೊರೆ ಇಳಿಸಿರಲಿಲ್ಲ.

ಯಾಕೆಂದರೆ ಅವನು ತಂಡದ ಮುಂದಾಳು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು. ಅವನು ನಡೆದಂತೆ ಉಳಿದವರು ನಡೆಯಬೇಕು. ಮೇಲೆ ತಲುಪಿದಾಗ ಮೊದಲ ತಂಬಿಗೆ ನೀರು ಅವನಿಗೆ. ಜಗಳವಾದರೆ ಕೊನೆಯ ಮಾತು ಅವನದು. ಇದಕ್ಕೆ ಒಂದು ಕಟ್ಟಳೆಯೂ ಇತ್ತು. ಮುಂದಾಳು ಹೊರೆಗಲ್ಲಿಗೆ ಹೊರೆ ಕೊಟ್ಟನೋ, ಎರಡನೆಯವನು ಅವನನ್ನು ದಾಟಿ ಮುಂದೆ ಹೋಗುತ್ತಾನೆ. ಅಲ್ಲಿಗೆ ಮುಂದಾಳ್ತನ ಕೈಬದಲಾಯಿತು. ಮುಂದಾಳು ನಿಲ್ಲದಿದ್ದರೆ ಹಿಂದಿನವರೂ ನಿಲ್ಲುವಂತಿಲ್ಲ. ನಿಂತವನು ಸಾಲಿನ ಕೊನೆಗೆ ಹೋಗಬೇಕು. ಹೀಗಾಗಿ ಸತ್ತವರ ಹೆಸರಿನ ಆ ಕಲ್ಲುಗಳು ದಾರಿಯುದ್ದಕ್ಕೂ ಖಾಲಿ ನಿಂತಿದ್ದವು. ಈ ಕಟ್ಟಳೆ ಯಾರು ಮಾಡಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಪಾಲಿಸುತ್ತಿದ್ದರು.

ಅಪ್ಪ ಅವನಿಗೆ ಹೊರೆ ಎತ್ತುವುದನ್ನು ಕಲಿಸಿದ್ದ. ಮೂಟೆಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂರಬೇಕು. ಮೂಟೆ ಮೈಗೆ ಅಂಟಿರಬೇಕು. ಬೆನ್ನು ನೆಟ್ಟಗಿಟ್ಟು ತೊಡೆಯ ಬಲದಿಂದ ಏಳಬೇಕು. ಹೊತ್ತ ಮೇಲೆ ತಿರುಗಬೇಕಾದರೆ ಪಾದ ತಿರುಗಿಸಬೇಕು, ಸೊಂಟ ತಿರುಗಿಸಬಾರದು. ಮುಂದಾಳಾದ ಮೇಲೆ ಅವನಿಗೆ ಇದು ಮುದುಕರ ಕ್ರಮ ಅನ್ನಿಸಿತು. ಸೊಂಟದಿಂದ ಬಗ್ಗಿ, ಮೂಟೆಯ ಕಿವಿ ಹಿಡಿದು, ಒಂದೇ ಎಸೆತಕ್ಕೆ ಮೈ ತಿರುಚಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಉಪ್ಪಿನ ಕಣದಲ್ಲಿ ನಿಂತವರು ಭೇಷ್ ಅನ್ನುತ್ತಿದ್ದರು.

ಹಾಗೆ ಎಸೆದುಕೊಂಡ ಒಂದು ಬೆಳಗ್ಗೆ ಸೊಂಟದಲ್ಲಿ ಚಳುಕು ಹೊಡೆಯಿತು. ಅವನು ಮೂಟೆ ಬಿಡಲಿಲ್ಲ. ಹಲ್ಲು ಕಚ್ಚಿ ನಿಂತ.

"ಏನಣ್ಣ, ಉಪ್ಪು ಕಚ್ಚಿತಾ?" ಎಂದು ಸಾಲಿನ ಎರಡನೆಯವನು ನಕ್ಕ.

"ಉಪ್ಪಲ್ಲ ತಮ್ಮ, ನಿನ್ನ ಕಣ್ಣು" ಎಂದು ಅವನು ನಡೆದೇಬಿಟ್ಟ.

ಸಂಜೆ ಅವನ ಹೆಂಡತಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟುಕಟ್ಟಿ, ಸೊಂಟಕ್ಕೆ ಶಾಖ ಕೊಟ್ಟಳು. ಅವನು ಅಂಗಾತ ಮಲಗಲಾರದೆ ಮಗ್ಗುಲಾಗಿ ಮಲಗಿದ್ದ.

"ನಾಳೆಯಿಂದ ಅಲ್ಲಲ್ಲಿ ಇಳಿಸಿಕೊಂಡು ಹೋಗಿ. ಅಷ್ಟು ಕಲ್ಲು ಯಾರಿಗೆ ಅಂತ ಇರುವುದು?" ಎಂದಳು.

"ಇಳಿಸಿದರೆ ಅವನ ಬೆನ್ನು ನೋಡಿಕೊಂಡು ಹತ್ತಬೇಕಾಗುತ್ತದೆ."

"ಅವನಿಗಾದರೂ ಇದೆಯಲ್ಲ, ಬೆನ್ನು."

ಅವನಿಗೆ ನಗು ಬಂತು. ನಕ್ಕಾಗ ಸೊಂಟ ಹಿಡಿಯಿತು.

ಹೆಂಡತಿಯ ಕಾಟಕ್ಕೆ ವೈದ್ಯನ ಬಳಿಗೆ ಹೋದ. ವೈದ್ಯ ಅವನನ್ನು ತುದಿಗಾಲಲ್ಲಿ ನಡೆಸಿದ, ಹಿಮ್ಮಡಿಯಲ್ಲಿ ನಡೆಸಿದ. ಮಲಗಿಸಿ ಒಂದೊಂದೇ ಕಾಲು ಮೇಲೆತ್ತಿ ನೋಡಿದ. ಆಮೇಲೆ ಹೇಳಿದ: "ಬೆನ್ನಿನ ಮೂಳೆಗಳ ನಡುವೆ ಮೆತ್ತೆಗಳಿವೆ. ಅದರಲ್ಲೊಂದು ನಲುಗಿದೆ. ಹಾಸಿಗೆ ಹಿಡಿಯಬೇಡ, ಮಲಗಿದಷ್ಟೂ ಬೆನ್ನು ಸೋಲುತ್ತದೆ. ಬರಿಗೈಯಲ್ಲಿ ನಡೆದಾಡು. ಕೆಲವು ವಾರ ಹೊರೆ ಬೇಡ. ಆಮೇಲೆ ಅರ್ಧ ಹೊರು, ಕೂತು ಎತ್ತು, ಕಲ್ಲು ಸಿಕ್ಕಲ್ಲಿ ಇಳಿಸು. ಬಹಳ ಮಂದಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ. ಆದರೆ ಒಂದು ಮಾತು. ಕಾಲು ಮರಗಟ್ಟಿದರೆ, ಪಾದ ಮೇಲೇಳದಿದ್ದರೆ, ಉಚ್ಚೆಯ ಮೇಲೆ ಹಿಡಿತ ತಪ್ಪಿದರೆ, ಆಗಿಂದಾಗಲೇ ಬಾ. ನಾಳೆ ನೋಡೋಣ ಅನ್ನಬೇಡ."

"ನೋವು ಯಾವಾಗ ಹೋಗುತ್ತದೆ?" ಎಂದು ಅವನು ಕೇಳಿದ.

"ನಾನು ಈಗ ಹೇಳಿದ್ದು ನೋವಿನ ಮಾತಲ್ಲ" ಎಂದ ವೈದ್ಯ.

ಅವನು ತಲೆಯಾಡಿಸಿದ. ಮನೆಗೆ ಬರುವ ದಾರಿಯಲ್ಲಿ ಅವನ ನೆನಪಿನಲ್ಲಿ ಉಳಿದದ್ದು ಒಂದೇ. ನೋವು ಹೋಗಬೇಕು. ನೋವು ಹೋದರೆ ಮತ್ತೆ ಮುಂದೆ ನಡೆಯಬಹುದು.

ಊರಿನವರು ಬೇರೆಯೇ ಹೇಳಿದರು. ಕದಲಬೇಡ, ಮಂಚ ಬಿಟ್ಟು ಇಳಿಯಬೇಡ ಎಂದರು. ಅವನಿಗೆ ಅದು ಸುಲಭ ಅನ್ನಿಸಿತು. ಬರಿಗೈಯಲ್ಲಿ ಊರೊಳಗೆ ತಿರುಗಾಡಿದರೆ ಜನ ಏನಂದಾರು. ಮಲಗಿದವನನ್ನು ರೋಗಿ ಅನ್ನುತ್ತಾರೆ, ಹೊರೆಯಿಲ್ಲದೆ ತಿರುಗುವ ಹೊರೆಯಾಳನ್ನು ಸೋಮಾರಿ ಅನ್ನುತ್ತಾರೆ. ಅವನು ಮಲಗಿದ. ವಾರಗಳು ಕಳೆದವು. ತೊಡೆ ಸಣ್ಣಗಾಯಿತು. ಎದ್ದು ನಿಂತರೆ ಗೋಡೆ ಬೇಕಾಯಿತು. ನೋವು ಅಷ್ಟೇ ಇತ್ತು.

ಒಂದು ದಿನ ಎರಡನೆಯವನು ನೋಡಲು ಬಂದ. ಈಗ ಅವನೇ ಮುಂದಾಳು. ಹೊಸ್ತಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡ. "ಮಲಗಣ್ಣ, ಅವಸರವೇನು. ಘಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದ.

ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಹೊರೆಯಾಳಿಗೆ ಮಾತ್ರ ಅದು ಎದೆಗೆ ನಾಟಿತು. ಮರುದಿನ ಎದ್ದ. ಸೊಂಟಕ್ಕೆ ಪಂಚೆಯನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಬಿಗಿದುಕೊಂಡ. ಕಣಕ್ಕೆ ಹೋಗಿ ಪೂರ್ತಿ ಮೂಟೆಯನ್ನೇ ಕೇಳಿದ.

ಎರಡನೆಯವನು ಸಾಲಿನ ಮುಂದಿನಿಂದ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟ. ಕಟ್ಟಳೆಯಲ್ಲಿ ಹಾಗೆ ಬಿಟ್ಟುಕೊಡುವುದು ಇರಲಿಲ್ಲ. ಅದು ಕನಿಕರ ಎಂದು ಹೊರೆಯಾಳಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನಷ್ಟು ಬಿರುಸಾಗಿ ನಡೆದ.

ನೋವು ಸೊಂಟ ಬಿಟ್ಟು ಕೆಳಗೆ ಇಳಿಯತೊಡಗಿತು. ಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ, ಕೊನೆಗೆ ಎಡಗಾಲಿನ ಹೆಬ್ಬೆರಳಿಗೆ. ಕೆಮ್ಮಿದರೆ ಕಾಲಿನೊಳಗೆ ಕಾದ ತಂತಿ ಎಳೆದಂತಾಗುತ್ತಿತ್ತು. ದಿನವೂ ಅಕ್ಕನ ಕಲ್ಲಿನ ಹತ್ತಿರ ಬಂದಾಗ ಅವನ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಚಪ್ಪಡಿ ಅವನ ಬೆನ್ನಿನ ಎತ್ತರಕ್ಕೇ ಇತ್ತು. ಅರ್ಧ ತಿರುಗಿದರೆ ಸಾಕಿತ್ತು. ಅಷ್ಟರಲ್ಲಿ ಹಿಂದಿನಿಂದ ಹೆಜ್ಜೆಸದ್ದು ಕೇಳಿಸುತ್ತಿತ್ತು. "ನಾಳೆ, ಅಕ್ಕ" ಎಂದು ಮನಸ್ಸಿನಲ್ಲೇ ಹೇಳಿ ಏರು ಹತ್ತುತ್ತಿದ್ದ. ಹಾಗೆ ಹೇಳಿದ ನಾಳೆಗಳು ಬಹಳವಾದವು.

ಕೊನೆಗೊಂದು ಬೆಳಗ್ಗೆ ಅವನಿಗೆ ಎಚ್ಚರವಾದಾಗ ನೋವು ಇರಲಿಲ್ಲ.

ಅವನು ಸ್ವಲ್ಪ ಹೊತ್ತು ಅಲುಗದೆ ಮಲಗಿದ. ಅಲುಗಿದರೆ ಬಂದುಬಿಡಬಹುದು ಎಂಬ ಹೆದರಿಕೆ. ಮೆಲ್ಲಗೆ ಮಗ್ಗುಲಾದ. ಬರಲಿಲ್ಲ. ಕೆಮ್ಮಿ ನೋಡಿದ. ಬರಲಿಲ್ಲ. ಎದ್ದು ಕೂತು ಹೆಂಡತಿಯನ್ನು ಕೂಗಿದ. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವನು ಅಳುತ್ತಿದ್ದ. ಅವಳೂ ಅತ್ತಳು. ದೇವರಿಗೆ ದೀಪ ಹಚ್ಚಿದಳು.

ಹಚ್ಚಿ ಬಂದವಳು, ಎಂದಿನಂತೆ ಇರಲಿ ಎಂದು, ಉಪ್ಪು ಹುರಿದು ಗಂಟು ಮಾಡಿ ಅವನ ಮೀನಖಂಡಕ್ಕೆ ಇಟ್ಟಳು. ಇಟ್ಟ ಕ್ಷಣವೇ ಗಂಟು ಅವಳ ಬೆರಳನ್ನೇ ಸುಟ್ಟಿತು. ಅವಳು ಕೈ ಹಿಂದಕ್ಕೆಳೆದಳು. ಅವನು ಕಾಲು ಎಳೆದುಕೊಳ್ಳಲಿಲ್ಲ.

"ಬಿಸಿ ತಾಗಲಿಲ್ಲವಾ?"

"ನೋವೇ ಇಲ್ಲ ಅಂದೆನಲ್ಲೇ, ಬಿಸಿ ಎಲ್ಲಿಂದ ತಾಗುತ್ತದೆ."

ಅವನು ಎದ್ದು ಅಂಗಳ ದಾಟಿ ಬಾವಿಯ ಕಡೆ ಹೋದ. ಅಂಗಳದ ನಡುವೆ ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. ಅವನು ಬಾವಿಯವರೆಗೂ ಒಂದೇ ಚಪ್ಪಲಿಯಲ್ಲಿ ಹೋಗಿದ್ದ. ಅವಳು ಅದನ್ನು ಎತ್ತಿಕೊಂಡು ಹಿಂದೆ ಹೋಗಿ ಅವನ ಮುಂದೆ ಇಟ್ಟಳು. ಅವನು ಆಶ್ಚರ್ಯದಿಂದ ತನ್ನ ಪಾದ ನೋಡಿಕೊಂಡ. ಹಳೆಯ ಚಪ್ಪಲಿ, ಬಾರು ಸಡಿಲಾಗಿದೆ ಎಂದ.

"ಒಂದು ಸಲ ವೈದ್ಯರಿಗೆ ತೋರಿಸಿ ಬನ್ನಿ. ಈಗಲೇ ಹೋಗಿ."

"ನೋವಿದ್ದಾಗ ಅವರ ಮನೆಗೆ ಹೋಗು ಅಂದೆ, ಹೋದೆ. ನೋವು ಹೋದ ಮೇಲೂ ಹೋಗು ಅಂದರೆ, ಊಟಕ್ಕೆ ಹೋಗಲೇನು?"

ಅವನ ಮುಖದಲ್ಲಿ ಅಷ್ಟು ನಗು ಕಂಡು ಬಹಳ ಕಾಲವಾಗಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಬಾರಿಗೆ ದಾರ ಸುತ್ತಿ ಬಿಗಿಮಾಡಿ ಕೊಟ್ಟಳು.

ಕಣದಲ್ಲಿ ಅವನು ಎಲ್ಲರಿಗೂ ಬೆಲ್ಲ ಹಂಚಿದ. ಮೂಟೆಯ ಕಿವಿ ಹಿಡಿದು ಹಳೆಯ ಎಸೆತಕ್ಕೇ ಬೆನ್ನಿಗೆ ಹಾಕಿಕೊಂಡ. ಯಾರೂ ಜಾಗ ಬಿಟ್ಟುಕೊಡಬೇಕಾಗಲಿಲ್ಲ. ತಾನೇ ಮುಂದೆ ಹೋಗಿ ನಿಂತ. ತಂಡ ಹೊರಟಿತು.

ನಡೆಯುವಾಗ ಒಂದು ಸದ್ದು ಕೇಳತೊಡಗಿತು. ಬಲಗಾಲಿನದು ಹೆಜ್ಜೆಯ ಸದ್ದು. ಎಡಗಾಲಿನದು ಚಪ್ಪಲಿಯ ತುದಿ ನೆಲಕ್ಕೆ ಉಜ್ಜುವ ಸದ್ದು.

"ಅಣ್ಣ, ದಾರಿ ಗುಡಿಸಿಕೊಂಡು ಹೋಗುತ್ತಿದ್ದೀಯಲ್ಲ" ಎಂದ ಎರಡನೆಯವನು. ಸಾಲೆಲ್ಲ ನಕ್ಕಿತು. ಅವನೂ ನಕ್ಕ. ಅಕ್ಕನ ಕಲ್ಲು ಬಂತು. ಅಂದು ಹೆಜ್ಜೆ ನಿಧಾನವಾಗಲಿಲ್ಲ. ಇನ್ನು ನಾಳೆ ಎಂದು ಹೇಳುವ ಅಗತ್ಯವೂ ಇಲ್ಲವಲ್ಲ ಎಂದುಕೊಂಡು ದಾಟಿಹೋದ.

ಏರಿನ ನಡುವೆ ಒಂದು ಕಲ್ಲಿಗೆ ಎಡಗಾಲಿನ ತುದಿ ಸಿಕ್ಕಿಕೊಂಡಿತು. ಅವನು ಪಾದ ಎತ್ತಿದ. ಎತ್ತಿದೆ ಅಂದುಕೊಂಡ. ಪಾದ ಎದ್ದಿರಲಿಲ್ಲ. ಮುಖ ಅಡಿಯಾಗಿ ಬಿದ್ದ. ಮೂಟೆ ಅವನ ಮೇಲೆ ಬಿತ್ತು. ಎಲ್ಲರೂ ಮೂಟೆ ಸರಿಸಿ ಅವನನ್ನು ಕೂರಿಸಿದರು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಅವನು ಅದನ್ನು ಬೇರೆಯವರ ಕಾಲು ನೋಡುವಂತೆ ನೋಡಿದ.

"ನೋವಾಗಲಿಲ್ಲ, ಏನೂ ಆಗಲಿಲ್ಲ" ಎಂದು ಮತ್ತೆ ಮತ್ತೆ ಹೇಳಿದ. ಈಗ ಯಾರೂ ನಗುತ್ತಿರಲಿಲ್ಲ.

ಎರಡನೆಯವನು ತನ್ನ ಮೂಟೆ ಇಳಿಸಿ, ಅವನನ್ನು ಬೆನ್ನ ಮೇಲೆ ಹೊತ್ತು ಕೆಳಗೆ ತಂದ. ಅಕ್ಕನ ಕಲ್ಲಿನ ಹತ್ತಿರ ಬಂದಾಗ ದಣಿದು, ತಿರುಗಿ ನಿಂತು, ಅವನನ್ನೇ ಚಪ್ಪಡಿಯ ಮೇಲೆ ಇಳಿಸಿ ಉಸಿರು ತೆಗೆದುಕೊಂಡ. ತಾನು ಎತ್ತಿ ಕೂರಿಸಿದ್ದ ಆ ಚಪ್ಪಡಿಯ ಮೇಲೆ ಹೊರೆಯಾಳು ಮೊದಲ ಸಲ ಕೂತ. ಹೊರೆಯಾಗಿ ಕೂತ.

ವೈದ್ಯ ಅವನ ಪಾದಕ್ಕೆ ಮುಳ್ಳು ತಾಗಿಸಿದ. ಬೆರಳಿಗೆ, ಮೇಲುಪಾದಕ್ಕೆ, ಮೀನಖಂಡಕ್ಕೆ. ಅಲ್ಲಿ ಸುಟ್ಟ ಬೊಕ್ಕೆ ನೋಡಿದ. ಪಾದ ಮೇಲೆತ್ತು ಎಂದ. ಪಾದ ಜೋತುಬಿದ್ದೇ ಇತ್ತು.

"ನೋವು ಯಾವತ್ತು ಹೋಯಿತು?"

"ಈ ಬೆಳಗ್ಗೆ."

"ಮೆತ್ತೆ ಜಾರಿ ಕಾಲಿನ ನರವನ್ನು ಹಿಸುಕುತ್ತಿತ್ತು. ಹಿಸುಕಿದಷ್ಟು ದಿನ ನರ ಕೂಗಿಕೊಂಡಿತು. ಈಗ ಕೂಗುವುದಕ್ಕೂ ಅದರಲ್ಲಿ ಏನೂ ಉಳಿದಿಲ್ಲ. ಕಾಲಿಗೆ ಇಳಿದ ದಿನವೇ ಬಂದಿದ್ದರೆ ದಾರಿಯಿತ್ತು. ಈ ಬೆಳಗ್ಗೆ ನೇರ ಇಲ್ಲಿಗೆ ಬಂದಿದ್ದರೂ ದೊಡ್ಡ ಊರಿನ ಶಸ್ತ್ರವೈದ್ಯರಿಗೆ ಕೊಂಚ ಆಸೆ ಇರುತ್ತಿತ್ತು. ನೀನು ಮೂಟೆ ಹೊತ್ತೆ. ಆದರೂ ಹೋಗು, ಈಗಲೇ ಹೊರಡು" ಎಂದ ವೈದ್ಯ.

ಹೋದರು. ಶಸ್ತ್ರವೈದ್ಯರು ಬೆನ್ನು ಕೊಯ್ದು ತಮ್ಮ ಕೆಲಸ ಮಾಡಿದರು. ಬೆನ್ನು ವಾಸಿಯಾಯಿತು. ಪಾದ ಏಳಲಿಲ್ಲ.

ಆಮೇಲೆ ಅವನು ಕೋಲು ಹಿಡಿದು ಅಕ್ಕನ ಕಲ್ಲಿನವರೆಗೆ ನಡೆಯುವಷ್ಟಾದ. ಅಲ್ಲಿಂದ ಮುಂದೆ ಏರು. ದಿನವೂ ಹೋಗಿ ಕಲ್ಲಿನ ಬುಡದಲ್ಲಿ ಕೂರುತ್ತಿದ್ದ. ತಂಡ ಬರುವ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದ. ಎರಡನೆಯವನು ಮತ್ತೆ ಮುಂದಾಳಾಗಿದ್ದ.

"ಇಳಿಸಿ ಹೋಗೋ ತಮ್ಮ. ಒಂದು ಗಳಿಗೆ ಸಾಕು."

"ನಿನಗೇನಣ್ಣ, ಕೂತು ಹೇಳುತ್ತೀಯ" ಎಂದು ಅವನು ನಿಲ್ಲದೆ ಹೋಗುತ್ತಿದ್ದ. ಹೋಗುವಾಗ ಅವನ ಒಂದು ಕೈ ಸೊಂಟದ ಮೇಲಿರುತ್ತಿತ್ತು. ಸಾಲಿನ ಕೊನೆಯಲ್ಲಿ, ಮಿಕ್ಕವರಷ್ಟೇ ಭಾರದ ಮೂಟೆ ಹೊತ್ತು, ಹೊರೆಯಾಳಿನ ಹೆಂಡತಿ ಹೋಗುತ್ತಿದ್ದಳು. ಮನೆ ನಡೆಯಬೇಕಿತ್ತು. ಅವಳೂ ಕಲ್ಲು ಮುಟ್ಟುತ್ತಿರಲಿಲ್ಲ. ಕೊನೆಯವಳಾಗಿ ಬಂದವಳು ನಿಂತರೆ ತಂಡ ಕಾಯುವುದಿಲ್ಲ.

ಸಂಜೆ ಅವಳು ಇಳಿದು ಬರುತ್ತಿದ್ದಳು. ಒಲೆ ಹಚ್ಚಿ ಉಪ್ಪು ಹುರಿಯುತ್ತಿದ್ದಳು. ಮೊದಲು ತನ್ನ ಸೊಂಟಕ್ಕೆ ಇಟ್ಟುಕೊಂಡು, ಆರುವ ಮೊದಲು ಅವನ ಕಾಲಿಗೆ ಇಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಕಾಯುತ್ತಿದ್ದ. ಒಂದು ಕಾಲದಲ್ಲಿ ತೊಲಗಲಿ ಎಂದು ಬೇಡಿಕೊಂಡಿದ್ದ ಅದೇ ಕಾದ ತಂತಿಗಾಗಿ ಕಾಯುತ್ತಿದ್ದ.

"ನೋವು ಬಂತಾ?" ಎಂದು ಅವಳು ಕೇಳುತ್ತಿದ್ದಳು.

"ಇನ್ನೂ ಇಲ್ಲ" ಎಂದು ಅವನು ಹೇಳುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಬೇರು ನುಣ್ಣಗಾಗಿತ್ತು.

"ಅವನಿಗೆ ಮೊದಲೇ ಎಲ್ಲ ಹೇಳಿದ್ದರು, ಗುರುಗಳೇ" ಎಂದ ಶಿಷ್ಯ. "ಕೇಳದವನಿಗೆ ವೈದ್ಯ ಏನು ಮಾಡಿಯಾನು?"

ಗುರುಗಳು ಅರೆದ ಬೇರನ್ನು ಬಟ್ಟಲಿಗೆ ತೆಗೆದಿಟ್ಟರು. ಕೈ ತೊಳೆಯಲು ಎದ್ದು ಜಗಲಿಗೆ ಬಂದರು. ಶಿಷ್ಯ ನೀರಿನ ತಂಬಿಗೆ ಹಿಡಿದು ಹಿಂದೆ ಬಂದ. ಗುರುಗಳು ಕೈ ಚಾಚಲಿಲ್ಲ. ಮೆಟ್ಟಿಲ ಕೆಳಗೆ ನೋಡುತ್ತಾ ನಿಂತರು.

"ಇಲ್ಲಿ ಎಡಗಾಲಿನ ಚಪ್ಪಲಿ ಒಂದೇ ಇದೆ, ನಿನ್ನ ನೇಕಾರ ಎಷ್ಟು ದೂರ ಹೋಗಿರುತ್ತಾನೆ?"

ಶಿಷ್ಯ ತಂಬಿಗೆ ಕೆಳಗಿಟ್ಟು, ಚಪ್ಪಲಿ ಎತ್ತಿಕೊಂಡು ಬೀದಿಗೆ ಓಡಿದ.